ದೀಪ ಹಚ್ಚಿದರೂ ಬಾಯಿಗೆ ಬಾರದ ಕೃತಜ್ಞತೆ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅತ್ತೆಯವರಿಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ಮಂಗಳವಾರ, ಶುಕ್ರವಾರ ಮೈಸೂರಿಗೆ ಡಯಾಲಿಸಿಸ್‌ಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಯಜಮಾನರು ಕಬ್ಬು, ಭತ್ತ ನೋಡಿಕೊಳ್ಳುತ್ತಾರೆ. ಸೊಸೈಟಿ ಸಾಲದ ಮೇಲೆ ಕೈಸಾಲವೂ ಆಗಿದೆ. ಮಗಳು ಸೆಕೆಂಡ್ ಪಿಯುಸಿ. ನಮ್ಮಕ್ಕ ಫೋನ್ ಮಾಡಿದಾಗಲೆಲ್ಲ ‘ಇರೋದಕ್ಕೆ ದೇವರಿಗೆ ಕೃತಜ್ಞತೆ ಹೇಳು, ಮನಸ್ಸು ಹಗುರಾಗುತ್ತೆ’ ಅನ್ನುತ್ತಾಳೆ. ದೀಪ ಹಚ್ಚಿ ಕೈ ಮುಗಿದರೆ ಒಳಗಿಂದ ಏನೂ ಬರುವುದಿಲ್ಲ. ಹೋದ ತಿಂಗಳು ಸಿಟ್ಟು ಬಂದು ಎರಡು ದಿನ ದೀಪವನ್ನೇ ಹಚ್ಚಲಿಲ್ಲ. ಅದರಿಂದ ಮನೆಗೆ ಏನಾದರೂ ಕೆಡುಕಾದೀತೇ ಎಂಬ ಭಯ ಈಗ. ನಂಜನಗೂಡಿನಲ್ಲಿ ಉರುಳುಸೇವೆ ಮಾಡಿ ಊರಿಗೆಲ್ಲ ಊಟ ಹಾಕುತ್ತೇವೆಂದು ಹರಕೆಯನ್ನೂ ಹೊತ್ತಿದ್ದೇವೆ, ತೀರಿಸಲು ದುಡ್ಡಿಲ್ಲ. ಇಂಥ ಹೊತ್ತಿನಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು ಹೇಗೆ? ದಿನಾ ಎಷ್ಟು ಹೊತ್ತು? ಹೊರಗಾದ ದಿನಗಳಲ್ಲಿ ಏನು ಮಾಡಬೇಕು?

ಉತ್ತರ: ಭಯದ ಮಾತನ್ನು ಮೊದಲು ಮುಗಿಸಿಬಿಡೋಣ. ಎರಡು ದಿನ ದೀಪ ಹಚ್ಚದಿದ್ದರೆ ಮನೆಗೆ ಏನೂ ಆಗುವುದಿಲ್ಲ. ಸೂತಕ ಬಂದಾಗ ವಾರಗಟ್ಟಲೆ ದೇವರ ಮನೆ ಬಾಗಿಲು ಮುಚ್ಚಿಯೇ ಇರುತ್ತದೆ, ಆಗ ಯಾರೂ ಹೆದರುವುದಿಲ್ಲ. ಇನ್ನು ಸಿಟ್ಟು. ದೇವರನ್ನು ಬೈಯುತ್ತಲೇ ಹೊಗಳುವುದಕ್ಕೆ ನಮ್ಮಲ್ಲಿ ನಿಂದಾಸ್ತುತಿ ಎಂಬ ಹೆಸರೇ ಇದೆ. ಹರಿದಾಸರು ಅದನ್ನು ರಾಗ ಹಾಕಿ ಹಾಡಿದರು. ಗೀತೆಯ 7ನೇ ಅಧ್ಯಾಯದ 16ನೇ ಶ್ಲೋಕದಲ್ಲಿ ಕೃಷ್ಣ ತನ್ನನ್ನು ಭಜಿಸುವವರು ನಾಲ್ಕು ಬಗೆ ಎನ್ನುತ್ತಾನೆ: ಆರ್ತ, ಜಿಜ್ಞಾಸು (ತಿಳಿಯಬಯಸುವವನು), ಅರ್ಥಾರ್ಥಿ (ಸಂಪತ್ತು ಬಯಸುವವನು), ಜ್ಞಾನಿ. ಪಟ್ಟಿಯಲ್ಲಿ ಮೊದಲು ಬರುವವನೇ ಆರ್ತ, ಅಂದರೆ ಸಂಕಟದಲ್ಲಿ ಕೂಗುವವನು. ಜ್ಞಾನಿಯ ಮೇಲೆ ತನಗೆ ಹೆಚ್ಚು ಪ್ರೀತಿ ಎಂದು ಒಪ್ಪಿಕೊಂಡರೂ, ಇವರೆಲ್ಲರೂ ಉದಾರರೇ, ಅಂದರೆ ಒಳ್ಳೆಯವರೇ ಎಂದು 18ನೇ ಶ್ಲೋಕದಲ್ಲಿ ಹೇಳಿಬಿಡುತ್ತಾನೆ. ಹಾಗಾಗಿ ನಿಮ್ಮ ಸಿಟ್ಟು ಭಕ್ತಿಗೆ ಹೊರಗಿನದಲ್ಲ. ಮಾತು ಬಿಟ್ಟವರ ಮೇಲೆ ಯಾರಿಗೂ ಸಿಟ್ಟು ಉಳಿಯುವುದಿಲ್ಲ.

ಹೆದರಬೇಕಾದ್ದು ಇನ್ನೊಂದಿದೆ. ‘ಇದು ನಮಗೆ ದೇವರು ಕೊಟ್ಟ ಶಿಕ್ಷೆ’ ಎಂಬ ಎಣಿಕೆ. ಕಷ್ಟ ಬಂದಾಗ ಜನ ದೇವರನ್ನು ಹೇಗೆ ಹಿಡಿದುಕೊಳ್ಳುತ್ತಾರೆ ಎಂಬುದನ್ನೇ ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಇದರಲ್ಲಿ ಎರಡು ದಾರಿ ಗುರುತಿಸಿದರು. ದೇವರು ಜೊತೆಗಿದ್ದಾನೆ ಎಂದುಕೊಂಡು ಕಷ್ಟ ಹೊರುವುದು ಒಂದು. ದೇವರು ಕೈಬಿಟ್ಟ, ದಂಡಿಸುತ್ತಿದ್ದಾನೆ ಎಂದುಕೊಂಡು ಹೊರುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ನಡೆಯುವವರಲ್ಲಿ ಕೊರಗು, ಆತಂಕ ಹೆಚ್ಚಾಗಿ ಕಂಡಿವೆ. ಕಿಡ್ನಿ ಸೋಲುವುದಕ್ಕೆ ಬಹುಪಾಲು ಕಾರಣ ವರ್ಷಗಟ್ಟಲೆಯ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ನೀವು ಹಚ್ಚದ ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಶಾಸ್ತ್ರ ಕೇಳಿಬಂದು ‘ದೋಷ ಇದೆ, ಶಾಂತಿ ಮಾಡಿಸಿ’ ಎಂದರೆ ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಈಗ ‘ಒಳಗಿಂದ ಏನೂ ಬರುವುದಿಲ್ಲ’ ಎಂದಿರಲ್ಲ, ಅದಕ್ಕೆ ಬರೋಣ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ತನಗೆ ಯಾರು ಏನು ಮಾಡಿದರು ಎಂಬುದನ್ನು ತಿಳಿದಿರುವವನು ಕೃತಜ್ಞ. ಪದದಲ್ಲಿ ಇರುವುದು ತಿಳಿವು. ಗಂಟಲು ಉಬ್ಬಿ ಬರುವುದು, ಕಣ್ಣು ತುಂಬುವುದು ಇದ್ಯಾವುದೂ ಅದರಲ್ಲಿಲ್ಲ. ವಾರಕ್ಕೆ ಎರಡು ದಿನ ಬೆಳಗಿನ ಜಾವ ಎದ್ದು ರೋಗಿಯನ್ನು ಕರೆದುಕೊಂಡು ಹೋಗಿ ರಾತ್ರಿ ಬಂದು ಅಡುಗೆ ಮಾಡುವ ಮೈಗೆ ಭಾವ ಉಕ್ಕುವುದಿಲ್ಲ, ಉಕ್ಕಬೇಕಾಗಿಯೂ ಇಲ್ಲ. ತಿಳಿದುಕೊಳ್ಳುವಷ್ಟು ಮಾಡಿದರೆ ಸಾಕು. ಭಾವ ಬಂದರೆ ಬರಲಿ, ಬಾರದಿದ್ದರೆ ಆ ದಿನದ ಕೆಲಸ ಮುಗಿದಂತೆಯೇ ಲೆಕ್ಕ.

ತಿಳಿಯಬೇಕಾದರೆ ವಿಷಯ ಚಿಕ್ಕದಾಗಿರಬೇಕು, ಖಚಿತವಾಗಿರಬೇಕು. ‘ದೇವರೇ, ಎಲ್ಲಕ್ಕೂ ನಿನಗೆ ಕೃತಜ್ಞತೆ’ ಎಂದರೆ ಮನಸ್ಸಿಗೆ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ‘ಎಲ್ಲ’ ಎನ್ನುವುದರಲ್ಲಿ ಸಾಲವೂ ಬಂತು, ಡಯಾಲಿಸಿಸ್ಸೂ ಬಂತು. ಅದಕ್ಕೇ ನಿಮ್ಮ ಬಾಯಿ ಒಪ್ಪದಿರುವುದು; ನಿಮ್ಮ ಬಾಯಿ ಸರಿಯಾಗಿಯೇ ಇದೆ. ಕಾಯಿಲೆ ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಬೇಕಾಗಿಲ್ಲ. ಕಾಯಿಲೆಯ ನಡುವೆ ಇವತ್ತು ಕೈಗೆ ಸಿಕ್ಕಿದ್ದಕ್ಕೆ ಹೇಳಿ. ಈ ಎರಡನ್ನು ಕಲಸಿಬಿಡುವುದರಿಂದಲೇ ಎಷ್ಟೋ ಜನಕ್ಕೆ ಕೃತಜ್ಞತೆ ಎಂಬ ಮಾತು ಕೇಳಿದರೆ ಉರಿಯುವುದು.

ನಿಮ್ಮ ಸೀಮೆಗೆ ಇದು ಹೊಸದಲ್ಲ. ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟಿದಾಗ ಕಾವೇರಿಗೆ ಬಾಗಿನ ಕೊಡುವುದು ಇದೇ ಲೆಕ್ಕ. ಕಣದಲ್ಲಿ ರಾಶಿ ಪೂಜೆ ಮಾಡಿ ಭತ್ತವೋ ರಾಗಿಯೋ ಅಳೆಯುವಾಗ ಹಿರಿಯರು ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಮಳೆ ಕೈಕೊಟ್ಟು ಬೆಳೆ ಅರ್ಧಕ್ಕರ್ಧ ಹೋದ ವರ್ಷವೂ ಮೊದಲ ಅಳತೆ ಲಾಭವೇ. ನಷ್ಟ ಆಗಿಲ್ಲವೆಂದು ಅದರ ಅರ್ಥವಲ್ಲ. ನಷ್ಟದ ಲೆಕ್ಕ ಬೇರೆ ಪುಸ್ತಕದಲ್ಲಿರುತ್ತದೆ, ಕಣದಲ್ಲಿ ಎಣಿಸುವುದು ಕಣಕ್ಕೆ ಬಂದದ್ದನ್ನು. ನೀವು ದಿನಾ ಸಂಜೆ ಮಾಡಬೇಕಾದ್ದು ಇಷ್ಟೇ: ಅವತ್ತಿನ ಒಂದು ಲಾಭ ಅಳೆಯುವುದು.

ಹೊತ್ತು ಆರು, ಏಳು ನಿಮಿಷ ಸಾಕು. ಸಂಜೆ ದೀಪದ ಹೊತ್ತೇ ಒಳ್ಳೆಯದು. ಆ ಅಭ್ಯಾಸ ಮೊದಲೇ ಇರುವುದರಿಂದ ಇನ್ನೊಂದು ಕೆಲಸ ನೆನಪಿಟ್ಟುಕೊಳ್ಳುವ ಹೊರೆ ಬೀಳುವುದಿಲ್ಲ. ಒಂದು ಹಣತೆ, ಜೋಡಿ ಬತ್ತಿ, ಎರಡು ಚಮಚ ಎಣ್ಣೆ. ತುಪ್ಪ, ಪಂಚದೀಪ, 108 ನಾಮ ಎಲ್ಲ ಈಗ ಬೇಡ. ಮಂಡಿ ನೋವಿದ್ದರೆ ಮಣೆ ಅಥವಾ ಕುರ್ಚಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಕುಳಿತ ಕೂಡಲೇ ಪ್ರಾರ್ಥನೆಗೆ ಕೈ ಹಾಕಬೇಡಿ. ದಿನವಿಡೀ ಓಡಾಡಿದ ಮೈ ಇನ್ನೂ ಬಸ್ ಹಿಡಿಯುವ ಅವಸರದಲ್ಲೇ ಇರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿರುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ ತೆಗೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಬಿಡುವಾಗ ನಿಮ್ಮ ಮನೆದೇವರ ಹೆಸರನ್ನು ಎಳೆದು ಹೇಳಿ. ಹೀಗೆ ಹನ್ನೆರಡು ಸಲ ಅಂದರೆ ಎರಡು ನಿಮಿಷ. ಇದರ ಗುಟ್ಟು ನಾಮಸ್ಮರಣೆ ಮಾಡುವವರಿಗೆ ಹಿಂದಿನಿಂದಲೂ ಗೊತ್ತು. 2001ರಲ್ಲಿ ಒಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಟಲಿಯ ತಂಡದ ಅಧ್ಯಯನ ಅದನ್ನು ಅಳೆದು ತೋರಿಸಿತು. ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಹೇಳಿದರೂ, ಸಂಸ್ಕೃತದ ಮಂತ್ರ ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ಹೃದಯ ಮತ್ತು ರಕ್ತದೊತ್ತಡದ ಲಯ ಅದಕ್ಕೆ ಹೊಂದಿಕೊಳ್ಳುತ್ತದೆ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಮಣಿ ಎಣಿಸುತ್ತ ಕೂತವರಿಗೂ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಅಮ್ಮನ ನಾಮ ಹೇಳುತ್ತ ದಣಿವಾರಿಸಿಕೊಳ್ಳುವವರಿಗೂ ಮೈಯೊಳಗೆ ಆಗುವುದು ಹೆಚ್ಚು ಕಡಿಮೆ ಒಂದೇ. ತಲೆ ಸುತ್ತಿದಂತಾದರೆ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ. ಬಲವಂತವಾಗಿ ಎಳೆದುಕೊಂಡರೆ ಹಾಗಾಗುತ್ತದೆ.

ಆಮೇಲೆ ದೂರು. ಹೌದು, ಕೃತಜ್ಞತೆಗಿಂತ ಮೊದಲು ದೂರು. ಅದನ್ನು ನುಂಗಿಕೊಂಡು ‘ನಿನ್ನ ದಯೆ ಸ್ವಾಮಿ’ ಎಂದರೆ ಆ ಮಾತು ಬಾಯಿಂದಾಚೆಗೆ ಹೋಗುವುದಿಲ್ಲ. ತುಟಿ ಅಲ್ಲಾಡುವಷ್ಟು ದನಿಯಲ್ಲಿ ಎರಡೋ ಮೂರೋ ವಾಕ್ಯ ಹೇಳಿ. ‘ಅತ್ತೆಯ ಕಾಲು ಮತ್ತೆ ಊದಿದೆ. ಫ್ಯಾಕ್ಟರಿಯಿಂದ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ. ನನ್ನ ಕೈಲಿ ಆಗುತ್ತಿಲ್ಲ.’ ಕೊನೆಗೆ ಒಂದು ಬೇಡಿಕೆ, ನಾಳೆಗೆ ಮಾತ್ರ: ‘ನಾಳೆ ಬಡ್ಡಿಯವನ ಹತ್ತಿರ ಮಾತಾಡೋಕೆ ಧೈರ್ಯ ಕೊಡು.’ ದೂರಿಗೆ ಎರಡು ನಿಮಿಷದ ಮೇಲೆ ಹೊತ್ತು ಕೊಡಬೇಡಿ. ಅದನ್ನೇ ಅರ್ಧ ಗಂಟೆ ತಿರುವಿಹಾಕಿದರೆ ದೂರು ದೇವರ ಕಡೆ ಹೋಗುವುದನ್ನು ಬಿಟ್ಟು ನಿಮ್ಮ ತಲೆಯೊಳಗೇ ಸುತ್ತತೊಡಗುತ್ತದೆ. ಗೊತ್ತಾಗುವುದು ಹೇಗೆ ಅಂದರೆ, ಒಂದೇ ವಾಕ್ಯ ಮೂರನೆಯ ಸಲ ಬಂದರೆ ಅಲ್ಲಿಗೆ ನಿಲ್ಲಿಸಿ.

ಈಗ ಲಾಭ. ಹಿಂದಿನ ಸಂಜೆಯಿಂದ ಈ ಸಂಜೆಯವರೆಗೆ ಆದದ್ದರಲ್ಲಿ ಒಂದೇ ಒಂದು. ಅದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಏನಾಯಿತು, ಯಾರ ಕೈಯಿಂದ ಬಂತು, ಅದು ಆಗದಿದ್ದರೆ ಏನಾಗುತ್ತಿತ್ತು. ‘ಇವತ್ತು ಡಯಾಲಿಸಿಸ್ ಚೆನ್ನಾಗಾಯಿತು’ ಅಂದರೆ ಸಾಲದು. ‘ಆ ಹುಡುಗಿ ಮೊದಲನೇ ಸಲಕ್ಕೇ ಸೂಜಿ ಸರಿಯಾಗಿ ಹಾಕಿದಳು. ಹೋದ ವಾರ ಮೂರು ಸಲ ಚುಚ್ಚಿ ತೋಳು ಕಪ್ಪಾಗಿತ್ತು. ಇವತ್ತು ಅತ್ತೆ ನರಳಲಿಲ್ಲ. ಅವಳ ಕೈಯಲ್ಲಿ ನೀನಿದ್ದೆ.’ ಇಷ್ಟು ಬಿಡಿಸಿದರೆ ಮನಸ್ಸಿಗೆ ಹಿಡಿ ಸಿಗುತ್ತದೆ. ಪಕ್ಕದ ಗದ್ದೆಯವರು ರಾತ್ರಿ ನೀರು ತಿರುಗಿಸಿಕೊಟ್ಟದ್ದು, ಮಗಳು ಹೇಳದೆಯೇ ಪಾತ್ರೆ ತೊಳೆದಿಟ್ಟದ್ದು, ತ್ರೀಫೇಸ್ ಕರೆಂಟು ಹಗಲಲ್ಲೇ ಬಂದದ್ದು, ಸ್ಟಾಪ್ ದಾಟಿದ್ದರೂ ಡ್ರೈವರ್ ಅತ್ತೆಯನ್ನು ನೋಡಿ ಬಸ್ ನಿಲ್ಲಿಸಿದ್ದು, ಎಲ್ಲವೂ ಆದೀತು. 2023ರ ಜೂನ್ ನಂತರ ನಿಮ್ಮಿಬ್ಬರ ಕೈಗೂ ಬರುವ ಸೊನ್ನೆ ರೂಪಾಯಿಯ ಟಿಕೆಟ್ಟೂ ಆದೀತು. ಅದಕ್ಕೆ ದೇವರಿಗೆ ಕೈ ಮುಗಿಯಬೇಕೋ ಸರ್ಕಾರಕ್ಕೋ ಎಂಬ ಚರ್ಚೆ ಊರ ಅರಳಿಕಟ್ಟೆಯ ಮೇಲೆ ನಡೆಯಲಿ.

ಮೂರನೆಯ ಪ್ರಶ್ನೆಯೇ ಈ ಮೂರರಲ್ಲಿ ಬಲವಾದದ್ದು. ಇದ್ದದ್ದು ದಿನ ಕಳೆದಂತೆ ಕಣ್ಣಿಗೆ ಬೀಳುವುದು ನಿಲ್ಲುತ್ತದೆ, ಸೊಂಟದ ಸೆರಗಿನ ಹಾಗೆ. ಅದು ಇಲ್ಲದಿದ್ದರೆ ಎಂದು ಒಂದು ಕ್ಷಣ ಊಹಿಸಿದಾಗ ಮತ್ತೆ ಕಾಣುತ್ತದೆ. ಆದರೆ ಆತಂಕ ಹೆಚ್ಚಿರುವ ದಿನ ಈ ಪ್ರಶ್ನೆ ಎಡವಟ್ಟು ಮಾಡಬಹುದು, ‘ಯಜಮಾನರು ಇಲ್ಲದಿದ್ದರೆ?’ ಎಂದು ಶುರುವಾಗಿ ಮನಸ್ಸು ಕೆಟ್ಟ ಊಹೆಯ ಹಿಂದೆ ಓಡುತ್ತದೆ. ಅದಕ್ಕೇ ಈ ಪ್ರಶ್ನೆಯನ್ನು ಮನುಷ್ಯರ ಮೇಲೆ ಹಾಕಬೇಡಿ. ನಡೆದುಹೋದ ಚಿಕ್ಕ ಘಟನೆಯ ಮೇಲೆ ಮಾತ್ರ ಹಾಕಿ.

ಏನೂ ಸಿಗದ ದಿನವೂ ಬರುತ್ತದೆ. ಅವತ್ತು ‘ಇವತ್ತು ಲಾಭ ಕಾಣಲಿಲ್ಲ, ನಾಳೆ ನೋಡುತ್ತೇನೆ’ ಎಂದು ಹಾಗೇ ಹೇಳಿ ಎದ್ದುಬಿಡಿ. ಸುಳ್ಳು ಲಾಭ ಬರೆಯಬೇಡಿ. ಒಂದು ಸಲ ಸುಳ್ಳು ಹೇಳಿದರೆ ಮಾರನೆಯ ದಿನದ ನಿಜವೂ ಸಪ್ಪೆ ಅನ್ನಿಸುತ್ತದೆ.

ಬರೆಯುವುದು ವಾರಕ್ಕೊಮ್ಮೆ ಸಾಕು, ನಿಮ್ಮ ಮನೆದೇವರ ವಾರದಂದು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದರೆ ಅದೇ ಆಯಿತು. ಆ ವಾರದ ಲಾಭಗಳಲ್ಲಿ ಮೂರರಿಂದ ಐದು ಆರಿಸಿ ಒಂದೊಂದಕ್ಕೆ ಎರಡು ಸಾಲು ಬರೆಯಿರಿ. ವಾರಕ್ಕೊಮ್ಮೆ ಎನ್ನುವುದಕ್ಕೆ ಕಾರಣವಿದೆ. ಈ ವಿಷಯದಲ್ಲಿ ಎಲ್ಲರೂ ನೆನೆಯುವ, ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ವಾರಕ್ಕೊಮ್ಮೆ ಕೃತಜ್ಞತೆ ಹೇಳಬಹುದಾದ ಐದರವರೆಗೆ ವಿಷಯ ಬರೆದರು, ಸುಮಾರು ಹತ್ತು ವಾರ. ತಾಪತ್ರಯಗಳನ್ನು ಬರೆದವರಿಗಿಂತ ಅವರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರು 21 ದಿನ ದಿನಾ ಬರೆದಾಗ ಅವರ ನಿದ್ದೆಯೂ ಸುಧಾರಿಸಿತು. ಅಂದರೆ ಆರೋಗ್ಯವಂತರಿಗಷ್ಟೇ ಸಲ್ಲುವ ವಿದ್ಯೆ ಇದಲ್ಲ. ಎರಡು ವರ್ಷ ಕಳೆದ ಮೇಲೆ ಬಂದ ಮತ್ತೊಂದು ಅಧ್ಯಯನದಲ್ಲಿ ಆರು ವಾರ ವಾರಕ್ಕೊಮ್ಮೆ ಬರೆದವರಿಗೆ ಫಲ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಹೆಚ್ಚು ಬರೆದರೆ ಅದು ಮನೆಗೆಲಸದ ಪಟ್ಟಿಗೆ ಸೇರಿಕೊಳ್ಳುತ್ತದೆ, ಬರೆದದ್ದನ್ನೇ ಬರೆಯುವಂತಾಗುತ್ತದೆ. ಹಾಗಾಗಿ ದಿನಾ ಬಾಯಲ್ಲಿ ಒಂದು, ವಾರಕ್ಕೊಮ್ಮೆ ಪುಸ್ತಕದಲ್ಲಿ ನಾಲ್ಕೈದು. ಇಂಥ ಎಷ್ಟೋ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಖಿನ್ನತೆ, ಆತಂಕದ ಮೇಲೆ ಇದರ ಪರಿಣಾಮ ಚಿಕ್ಕದು ಎಂದೇ ಕಂಡಿದೆ. ಅದನ್ನು ಮುಚ್ಚಿಟ್ಟು ‘ಎಲ್ಲ ಸರಿಹೋಗುತ್ತೆ’ ಎಂದು ನಿಮಗೆ ಹೇಳುವುದು ಸರಿಯಲ್ಲ. ಗದ್ದೆಯ ಒಂದು ತೂಬು ತೆರೆದಷ್ಟು ಇದು. ನಾಲೆಯಲ್ಲಿ ನೀರೇ ಇಲ್ಲದಾಗ ತೂಬು ತೆರೆದು ಕಾಯಬಾರದು, ಆ ಮಾತು ಮುಂದೆ ಬರುತ್ತದೆ.

ಮಂಗಳವಾರ, ಶುಕ್ರವಾರ ನೀವು ಮನೆ ಸೇರುವಷ್ಟರಲ್ಲಿ ದೀಪದ ಹೊತ್ತು ಮೀರಿರಬಹುದು. ಆ ದಿನ ಮಗಳು ದೀಪ ಹಚ್ಚಲಿ. ನಿಮ್ಮ ಪಾಲಿನದನ್ನು ಬಸ್ಸಿನಲ್ಲೇ ಮುಗಿಸಿ. ಬಸ್ಸು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಎರಡು ಕವಲುಗಳನ್ನು ದಾಟುತ್ತದೆ. ಜನ ಹೇಗೂ ಅಲ್ಲಿ ಕೈ ಮುಗಿಯುತ್ತಾರೆ. ವಾಪಸ್ ಬರುವಾಗ ಮೊದಲನೆಯ ಸೇತುವೆಯ ಮೇಲೆ ದೂರು, ಎರಡನೆಯದರ ಮೇಲೆ ಲಾಭ. ನಡುವೆ ಇರುವ ದ್ವೀಪದ ದಾರಿ ಉಸಿರಿಗೆ. ಕಣ್ಣು ಮುಚ್ಚಬೇಕೆಂದೂ ಇಲ್ಲ.

ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಹೊರಗೆ ಕಾಯುವಾಗ ಸ್ತೋತ್ರ ಹೇಳಿಕೊಂಡು ಕೂರುವವರಿದ್ದಾರೆ. ನಿಮಗೆ ಮಾತ್ರ ಆ ಹೊತ್ತಿನಲ್ಲಿ ಮೊದಲು ಊಟ, ಆಮೇಲೆ ಅರ್ಧ ಗಂಟೆ ಗೋಡೆಗೊರಗಿ ನಿದ್ದೆ ಎಂದು ಹೇಳಬೇಕಾಗಿದೆ. ರೋಗಿಯನ್ನು ನೋಡಿಕೊಳ್ಳುವವರು ಮಂಗಳವಾರ, ಶುಕ್ರವಾರದ ಉಪವಾಸ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆಸುತ್ತಿ ಬೀಳುವುದು ಅಪರೂಪವೇನಲ್ಲ. ನಿಮಗೂ ಅಂಥ ಉಪವಾಸವಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಒಲೆ ಮೇಲಿಂದ ಇಳಿಸಿದ ಅನ್ನದಲ್ಲಿ ಒಂದು ತುತ್ತು ನೈವೇದ್ಯಕ್ಕೆ ತೆಗೆದು, ಮಿಕ್ಕಿದ್ದನ್ನು ಹೊಟ್ಟೆ ತುಂಬ ಉಣ್ಣುವುದೂ ಕೃತಜ್ಞತೆಯೇ.

ಇಲ್ಲಿ ಪ್ರಸಾದದ ವಿಷಯ ಹೇಳಲೇಬೇಕು. ದೇವಸ್ಥಾನಕ್ಕೆ ಹೋಗಿಬಂದವರೆಲ್ಲ ಅತ್ತೆಯವರಿಗೆ ಬಾಳೆಹಣ್ಣು, ಪಂಚಾಮೃತ, ಎಳನೀರು ತಂದುಕೊಡುತ್ತಾರೆ, ಎಷ್ಟೇ ಆದರೂ ಮದ್ದೂರಿನ ಎಳನೀರಿನ ಸೀಮೆ ನಿಮ್ಮದು. ಈ ಮೂರರಲ್ಲೂ ಪೊಟ್ಯಾಶಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎರಡು ಡಯಾಲಿಸಿಸ್ ನಡುವೆ ಅಂತರ ಜಾಸ್ತಿ ಇರುವ ದಿನಗಳಲ್ಲಂತೂ, ನಿಮ್ಮ ಲೆಕ್ಕದಲ್ಲಿ ಭಾನುವಾರ, ಸೋಮವಾರ, ಅಪಾಯ ಇನ್ನೂ ಹೆಚ್ಚು. ಪ್ರಸಾದ ಬೇಡ ಎನ್ನಲು ಅತ್ತೆಗೆ ಮನಸ್ಸು ಬರುವುದಿಲ್ಲ. ಕಣ್ಣಿಗೊತ್ತಿಕೊಂಡು ಉಗುರಿನಷ್ಟು ಬಾಯಿಗೆ ಹಾಕಿಕೊಂಡು ಮಿಕ್ಕಿದ್ದನ್ನು ಮನೆಯವರಿಗೆ ಕೊಡಲಿ. ತೀರ್ಥ ಒಂದು ಉದ್ಧರಣೆ ಸಾಕು, ಅದೂ ದಿನದ ನೀರಿನ ಲೆಕ್ಕಕ್ಕೆ ಸೇರಲಿ. ಹೂವು, ಕುಂಕುಮ, ವಿಭೂತಿಗೆ ಯಾವ ಮಿತಿಯೂ ಇಲ್ಲ.

ಹೊರಗಾದ ದಿನಗಳ ಬಗ್ಗೆ ಕೇಳಿದ್ದೀರಿ. ನಿಮ್ಮ ಮನೆಯ ಪದ್ಧತಿ ಏನಿದೆಯೋ ಅದರ ತಂಟೆಗೆ ಇಲ್ಲಿ ಹೋಗುವುದಿಲ್ಲ. ಆದರೆ ದೂರು, ಲಾಭ ಎರಡಕ್ಕೂ ದೇವರ ಕೋಣೆ ಬೇಕಾಗಿಲ್ಲ. ಮಾನಸ ಪೂಜೆಗೆ ಮಡಿ, ಮೈಲಿಗೆಯ ಕಟ್ಟಿಲ್ಲವೆಂದು ಹಿರಿಯರೇ ಒಪ್ಪಿದ್ದಾರೆ. ಹಿತ್ತಲಿನ ಕಲ್ಲಿನ ಮೇಲೆ, ದನದ ಕೊಟ್ಟಿಗೆಯ ಬಾಗಿಲಲ್ಲಿ, ಎಲ್ಲಿ ಐದು ನಿಮಿಷ ಸಿಗುತ್ತದೋ ಅಲ್ಲಿ ಕೂತುಕೊಳ್ಳಿ. ತಿಂಗಳಿಗೆ ನಾಲ್ಕು ದಿನ ಬಿಟ್ಟರೆ ಐದನೆಯ ದಿನ ಶುರು ಮಾಡುವುದೇ ಕಷ್ಟ, ಆದ್ದರಿಂದ ಬಿಡಬೇಡಿ.

ಇನ್ನು ಹರಕೆ. ಹರಕೆಯೂ ಕೃತಜ್ಞತೆಯೂ ಒಂದೇ ಮನೆಯ ಮಕ್ಕಳಾದರೂ ಗುಣ ಬೇರೆ. ಹರಕೆ ಮುಂದೆ ಆಗಬೇಕಾದ್ದಕ್ಕೆ ಕೊಡುವ ಮಾತು, ಕೃತಜ್ಞತೆ ಆಗಿಹೋದದ್ದಕ್ಕೆ ಸಲ್ಲುವ ಮಾತು. ಕಷ್ಟ ಬಿಗಿಯಾದಷ್ಟೂ ಮನುಷ್ಯ ಹರಕೆಯ ಮೇಲೆ ಹರಕೆ ಹೊರುತ್ತಾನೆ, ಕೊನೆಗೆ ದೇವರೇ ಸಾಲ ಕೊಟ್ಟ ಇನ್ನೊಬ್ಬನಂತೆ ಕಾಣತೊಡಗುತ್ತಾನೆ. ದೇವರ ಮುಂದೆ ಕೂತಾಗ ನಿಮಗೆ ಏನೂ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ತಾವು ಬಾಕಿ ತೀರಿಸಬೇಕಾದವರ ಮುಂದೆ ಯಾರಿಗೂ ಮನಬಿಚ್ಚಿ ಮಾತಾಡಲು ಬರುವುದಿಲ್ಲ. ಹಾಗಾಗಿ ಹೊಸ ಹರಕೆ ಬೇಡ. ಹಳೆಯದಕ್ಕೆ ದಾರಿ ಇದೆ. ಅರಿಶಿನ ಬಳಿದ ಬಿಳಿ ಬಟ್ಟೆಯ ತುಂಡಿನಲ್ಲಿ ಒಂದು ರೂಪಾಯಿಯೋ ಹನ್ನೊಂದು ರೂಪಾಯಿಯೋ ಇಟ್ಟು ಗಂಟು ಹಾಕಿ ಮುಡಿಪು ಕಟ್ಟಿ. ‘ನಂಜುಂಡ, ಮರೆತಿಲ್ಲ, ಕೈ ಹರಿದಾಗ ಬರುತ್ತೇವೆ’ ಎಂದು ಹೇಳಿ ದೇವರ ಪಟದ ಹಿಂದೆ ಇಡಿ. ಊರೂಟದ ಭಾಗವನ್ನು ಈಗಲೇ ಚಿಕ್ಕದು ಮಾಡಿಕೊಳ್ಳಿ. ಅಷ್ಟು ಜನಕ್ಕೆ ಅಡುಗೆ, ಶಾಮಿಯಾನ, ಭಟ್ಟರು ಅಂದರೆ ಇನ್ನೊಂದು ಕೈಸಾಲ. ಐದು ಜನ ಮುತ್ತೈದೆಯರಿಗೋ, ಅಂಗನವಾಡಿಯ ಮಕ್ಕಳಿಗೋ ಒಂದು ಹೊತ್ತಿನ ಪಾಯಸದ ಊಟವಾದರೂ ಅನ್ನ ಕೊಟ್ಟ ಮಾತು ಉಳಿಯುತ್ತದೆ. ಉರುಳುಸೇವೆ ಅತ್ತೆಯವರು ಮಾಡುವುದಂತೂ ಸಾಧ್ಯವಿಲ್ಲ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಇರುವ ತೋಳಿನ ಮೇಲೆ ಮೈಭಾರ ಬೀಳಲೇಬಾರದು. ನಂಜುಂಡೇಶ್ವರನನ್ನು ಹಕೀಂ ನಂಜುಂಡ, ಅಂದರೆ ವೈದ್ಯ ನಂಜುಂಡ ಎಂದು ಕರೆದ ನಾಡು ಇದು. ಹಕೀಮನ ಹೆಸರು ಹೇಳಿ ಡಯಾಲಿಸಿಸ್ ತಪ್ಪಿಸಬಾರದು. ಒಂದು ಸರದಿ ತಪ್ಪಿದರೂ ನೀರು ಶ್ವಾಸಕೋಶಕ್ಕೆ ಏರಬಹುದು.

ಕೆಡುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹೋಲಿಕೆಯಲ್ಲಿ. ‘ಪಕ್ಕದ ಬೆಡ್ಡಿನವರಿಗೆ ಕಾಲೇ ಹೋಯಿತು, ನಾವು ಎಷ್ಟೋ ವಾಸಿ.’ ಒಂದು ನಿಮಿಷ ಸಮಾಧಾನ ಸಿಗುತ್ತದೆ, ಮರುನಿಮಿಷ ಮೈಸೂರಿನಲ್ಲಿ ಕಾರು ಇಟ್ಟುಕೊಂಡ ಓರಗಿತ್ತಿ ನೆನಪಾಗುತ್ತಾಳೆ. ಕೆಳಗೆ ನೋಡುವ ಕಣ್ಣು ಮೇಲೂ ನೋಡುತ್ತದೆ. ಇನ್ನೊಬ್ಬರ ನೋವನ್ನು ನಿಮ್ಮ ಲಾಭದ ಪುಸ್ತಕದಲ್ಲಿ ಬರೆಯಬೇಡಿ.

ಮಗಳನ್ನು ಕೂರಿಸಿಕೊಂಡು ‘ನೀನೂ ಹೇಳು, ನಮಗೆ ಏನೇನು ಇದೆ ಅಂತ’ ಎನ್ನುವುದು ಬೇಡ. ಪರೀಕ್ಷೆಯ ವರ್ಷದಲ್ಲಿ ಅವಳ ಕಿವಿಗೆ ಅದು ‘ದೂರು ಹೇಳಬೇಡ’ ಎಂದು ಕೇಳಿಸುತ್ತದೆ. ಅವಳಾಗಿ ಬಂದು ಪಕ್ಕದಲ್ಲಿ ಕೂತರೆ ಕೂರಲಿ. ಹೀಗೆಯೇ, ಮನೆಯಲ್ಲಿ ಹೊಡೆತ, ಬೈಗುಳ ಸಹಿಸಿಕೊಳ್ಳಲು ಕೃತಜ್ಞತೆಯನ್ನು ಬಳಸುವುದನ್ನೂ ನೋಡುತ್ತೇವೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಓದುವ ಬೇರೆ ಯಾರಿಗಾದರೂ ಇದ್ದರೆ, ಅದಕ್ಕೆ ಈ ಉತ್ತರ ಅಲ್ಲ, ಮಹಿಳಾ ಸಹಾಯವಾಣಿ 181.

ದೇವರಿಗೆ ಹೇಳಿದ್ದನ್ನು ಮನುಷ್ಯರಿಗೂ ಹೇಳುವುದು ಈ ಅಭ್ಯಾಸದ ಅರ್ಧ ಭಾಗ, ಜನ ಬಿಟ್ಟುಬಿಡುವುದೂ ಅದನ್ನೇ. ಸೂಜಿ ಸರಿಯಾಗಿ ಹಾಕಿದ ಹುಡುಗಿಗೆ ಮುಂದಿನ ಸರದಿಯಲ್ಲಿ ‘ಹೋದ ಸಲ ಅತ್ತೆಗೆ ನೋವೇ ಆಗಲಿಲ್ಲ ಕಣಮ್ಮ’ ಎಂದು ಒಂದು ಮಾತು ಹೇಳಿ. ಪುಸ್ತಕದಲ್ಲಿ ಬರೆದ ಐದರಲ್ಲಿ ವಾರಕ್ಕೆ ಒಬ್ಬರಿಗಾದರೂ ಹೀಗೆ ಬಾಯಿಬಿಟ್ಟು ಹೇಳಬೇಕು. ಯಜಮಾನರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ, ನಾಚಿಕೆಯಾಗುತ್ತದೆ. ರಾತ್ರಿ ನೀರು ಕಟ್ಟಿ ಬಂದವರಿಗೆ ‘ಕಾಲು ತೊಳ್ಕೊಳ್ಳಿ, ಬಿಸಿನೀರು ಇಟ್ಟಿದೀನಿ’ ಎಂದರೂ ಆ ಲೆಕ್ಕಕ್ಕೆ ಬಂತು.

ತೂಬಿನ ಮಾತಿಗೆ ಬರುತ್ತೇನೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಮುಂಚೆ ಇಷ್ಟವಿದ್ದದ್ದು ಯಾವುದೂ ಬೇಡವೆನಿಸಿದರೆ ಅದು ಭಕ್ತಿಯ ಕೊರತೆಯಲ್ಲ. ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧವಿದೆ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಬದುಕಿದ್ದು ಏನು’ ಎಂಬ ಯೋಚನೆ ಬಂದರೆ ಎರಡು ವಾರ ಕಾಯದೆ ಅವತ್ತೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹಾಗೆಯೇ ದೂರದ ಓಡಾಟ ಕಡಿಮೆ ಮಾಡಲು ಹತ್ತಿರದ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಸರದಿ ಸಿಗುವುದೇ ಎಂದು ವಿಚಾರಿಸಿ ಹೆಸರು ಬರೆಸಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ, ಆಧಾರ್, ಈಗಿನ ಆಸ್ಪತ್ರೆಯ ಕಾಗದಗಳನ್ನೂ ಒಯ್ಯಿರಿ. ಸೊಸೈಟಿ ಕಾರ್ಯದರ್ಶಿಯ ಹತ್ತಿರ ಹೋಗಿ ಕಂತಿನ ಬಗ್ಗೆ ಬಾಯಿಬಿಟ್ಟು ಮಾತಾಡಿ. ದೇವರಿಗೆ ಹೇಳಿದ ದೂರಿನಲ್ಲಿ ಮನುಷ್ಯರು ಸರಿಮಾಡಬಹುದಾದ್ದು ಯಾವುದು ಎಂದು ವಾರಕ್ಕೊಮ್ಮೆ ಬರೆಯುವಾಗ ಗುರುತು ಹಾಕಿಕೊಂಡರೆ ಇಂಥವೆಲ್ಲ ತಾವಾಗಿಯೇ ಮೇಲೆ ಬರುತ್ತವೆ.

ಕೊನೆಗೆ ನಿಮ್ಮ ಅಕ್ಕ. ಅವರು ಹೇಳುವುದು ತಪ್ಪಲ್ಲ. ಆದರೆ ಫೋನಿನಲ್ಲಿ ಹೇಳುವುದು ಸುಲಭ. ಮುಂದಿನ ಸಲ ಕರೆ ಬಂದಾಗ ಜಗಳವಾಡಬೇಡಿ, ಒಂದು ಕೆಲಸ ಕೇಳಿ. ‘ಅಕ್ಕ, ತಿಂಗಳಿಗೆ ಒಂದು ಮಂಗಳವಾರ ಅತ್ತೇನ ನೀನು ಕರ್ಕೊಂಡು ಹೋಗ್ತೀಯಾ? ಬೆಳಿಗ್ಗೆ ಮೊದಲ ಬಸ್ಸು, ಫೈಲು ನಾನೇ ಜೋಡಿಸಿಡ್ತೀನಿ.’ ಅವರು ಒಪ್ಪಿದರೆ ಆ ಮಂಗಳವಾರ ಹಗಲು ಮಲಗಿ ನಿದ್ದೆ ಮಾಡಿ. ಸಂಜೆ ದೀಪದ ಮುಂದೆ ಕೂತಾಗ ಲಾಭದ ಜಾಗದಲ್ಲಿ ಅವರ ಹೆಸರು ಹೇಳಿ, ಆಮೇಲೆ ಫೋನ್ ಮಾಡಿ ಅವರಿಗೂ ಹೇಳಿ.